ಬಣ್ಣ ತೊಳೆದರೆ ವಿಷ ಹೋಗದು

1971ರಲ್ಲಿ ಇರಾಕಿನ ರೈತರಿಗೆ ವಿದೇಶದಿಂದ ತರಿಸಿದ ಬಿತ್ತನೆ ಗೋಧಿಯನ್ನು ಹಂಚಲಾಯಿತು. ಬೂಷ್ಟು ತಗಲದಿರಲೆಂದು ಅದಕ್ಕೆ ಮೀಥೈಲ್ ಪಾದರಸವನ್ನು ಲೇಪಿಸಿ, ಗುರುತಿಗಾಗಿ ಬಣ್ಣ ಹಾಕಿದ್ದರು. ಚೀಲದ ಮೇಲಿನ ಎಚ್ಚರಿಕೆ ರೈತರಿಗೆ ಓದಲು ಬಾರದ ಭಾಷೆಯಲ್ಲಿತ್ತು. ಹಲವರು ಕಾಳನ್ನು ತೊಳೆದು, ಬೀಸಿ, ರೊಟ್ಟಿ ಮಾಡಿ ಉಂಡರು. ಬಣ್ಣ ಹೋಯಿತು, ಪಾದರಸ ಉಳಿಯಿತು. ಕೆಲವು ವಾರ ಏನೂ ಆಗಲಿಲ್ಲ. ಬಳಿಕ ಕೈಕಾಲು ಜೋಮು ಹಿಡಿದವು, ನಡಿಗೆ ತೂರಾಡಿತು, ದೃಷ್ಟಿ ಮಂಕಾಯಿತು. ಸರ್ಕಾರಿ ಲೆಕ್ಕದಂತೆ ಆಸ್ಪತ್ರೆ ಸೇರಿದವರು 6,530, ಮಡಿದವರು 459.

ಆ ಕೆಲವು ವಾರಗಳ ಮೌನವೇ ನಾವು ಅರಿಯಬೇಕಾದ ಪಾಠ. ನರಕೋಶದ ಉದ್ದನೆಯ ಎಳೆಯೊಳಗೆ ಟ್ಯೂಬ್ಯುಲಿನ್ ಎಂಬ ಪ್ರೋಟೀನಿನ ಕಣಗಳು ಒಂದಕ್ಕೊಂದು ಜೋಡಿಕೊಂಡು ಸೂಕ್ಷ್ಮನಾಳಗಳಾಗುತ್ತವೆ. ಎಳೆಗೆ ಅವೇ ಆಧಾರಗಂಬ, ಪೋಷಕಾಂಶ ಸಾಗುವ ಹಾದಿಯೂ ಅವೇ. ಪಾದರಸಕ್ಕೆ ಗಂಧಕದ ಮೇಲೆ ಬಲವಾದ ಸೆಳೆತ. ಟ್ಯೂಬ್ಯುಲಿನ್ನಿನಲ್ಲಿರುವ ಗಂಧಕದ ತಾಣಗಳಿಗೆ ಅಂಟಿಕೊಂಡು ಅದು ಈ ಜೋಡಣೆಯನ್ನೇ ಕೆಡಿಸುತ್ತದೆ. 2001ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಬಸವನಹುಳುವಿನ ನರಕೋಶಗಳಿಗೆ ಅತ್ಯಲ್ಪ ಪಾದರಸವನ್ನು ಸೋಕಿಸಿದರು. ಚಿಗುರುತ್ತಿದ್ದ ತುದಿಗಳು ಕುಗ್ಗಿ ಹಿಂದೆ ಸರಿದವು, ಎಳೆಯ ರಚನೆ ಕಳಚಿಬಿತ್ತು.

ಬೆಳೆಯುತ್ತಿರುವ ಮಿದುಳಿಗೆ ಈ ಪೆಟ್ಟು ಹೆಚ್ಚು. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ದುರಂತದಲ್ಲಿ, ಕಾರ್ಖಾನೆಯ ಪಾದರಸ ಸೇರಿದ ಮೀನು ತಿಂದ ತಾಯಂದಿರಲ್ಲಿ ಕೆಲವರು ಹೊರನೋಟಕ್ಕೆ ಆರೋಗ್ಯವಾಗಿಯೇ ಇದ್ದರು. ಅವರ ಮಕ್ಕಳು ಮಾತ್ರ ಹುಟ್ಟುವಾಗಲೇ ನರಳಿದರು. ಸತ್ತ ನರಕೋಶವನ್ನು ಮರಳಿ ತರುವ ಮದ್ದಿಲ್ಲ.

ಇದು ದೂರದ ಕಥೆಯಲ್ಲ. ಬೆಟ್ಟದೂರು ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸಭರಿತ ಗಾಜು ಗುಜರಿ ಅಂಗಡಿಯಲ್ಲಿ ಪತ್ತೆಯಾದದ್ದು, ಕಾರ್ಖಾನೆ ಮುಚ್ಚಿದ್ದು 2001ರಲ್ಲಿ. ಪಾದರಸಯುಕ್ತ ಬೀಜೋಪಚಾರದ ಒಂದು ಔಷಧವನ್ನು ನಮ್ಮ ದೇಶ ಪೂರ್ಣವಾಗಿ ನಿಷೇಧಿಸಿದ್ದು 2018ರಲ್ಲಷ್ಟೆ. ಬೆಟ್ಟದ ಮೇಲೆ ಚೆಲ್ಲಿದ್ದು ಮಳೆಯೊಡನೆ ಹಳ್ಳಕ್ಕಿಳಿಯುತ್ತದೆ. ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿಸುತ್ತವೆ. ಅದು ಮೀನಿನ ಮೂಲಕ ನಮ್ಮ ತಟ್ಟೆಗೆ ಬರುತ್ತದೆ.

"ಇಷ್ಟು ವರ್ಷ ಬಳಸಿದ್ದೇವೆ, ನಮಗೇನಾಗಿದೆ?" ಎಂಬ ಮಾತು ನಮ್ಮ ಊರುಗಳಲ್ಲಿ ಸಾಮಾನ್ಯ. ಇರಾಕಿನ ರೈತರೂ ಆ ವಾರಗಳಲ್ಲಿ ಹೀಗೆಯೇ ಅಂದುಕೊಂಡಿರಬಹುದು. ರೋಗ ಕಾಣಿಸಿದ ಮೇಲೆ ಪುರಾವೆ ಕೇಳುವುದು ನ್ಯಾಯವಲ್ಲ. ನಿರಪಾಯವೆಂದು ಮೊದಲೇ ತೋರಿಸುವ ಹೊಣೆ ತಯಾರಿಸಿ ಮಾರುವವರದ್ದು. ಅಲ್ಲಿಯವರೆಗೆ ಔಷಧ ಲೇಪಿಸಿದ ಬೀಜ ಮಿಕ್ಕರೆ ಅದು ಅಡುಗೆಮನೆಗೂ ಹೋಗಬಾರದು, ಕೋಳಿಗೂ ಬೀಳಬಾರದು. ಒಡೆದ ಥರ್ಮಾಮೀಟರು ಹಳ್ಳ ಸೇರಬಾರದು. ಅಟ್ಟದ ಮೇಲಿನ ಹಳೆಯ ಡಬ್ಬಿಗಳನ್ನು ಇಂದೇ ಕೆಳಗಿಳಿಸಿ, ಏನೆಂದು ಓದಿ ನೋಡೋಣ.