ತೂಕ ದೇಹಕ್ಕೆ, ಮರ್ಯಾದೆ ಮನುಷ್ಯನಿಗೆ

ಬೊಜ್ಜಿನ ವಿರುದ್ಧದ ಪ್ರಚಾರ ದೇಶದೆಲ್ಲೆಡೆ ಬಿರುಸು ಪಡೆದಿದೆ. 2025ರ ಫೆಬ್ರವರಿಯ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಅಡುಗೆ ಎಣ್ಣೆಯ ಬಳಕೆಯನ್ನು ಶೇ. 10ರಷ್ಟು ಕಡಿಮೆ ಮಾಡಲು ಕರೆ ನೀಡಿದ್ದರು. ಇದು ಸ್ವಾಗತಾರ್ಹವೇ ಸರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24, ಪುರುಷರಲ್ಲಿ ಸುಮಾರು ಶೇ. 23 ಮಂದಿಯ ತೂಕ ಮಿತಿ ಮೀರಿದೆ. ಆದರೆ ಬೊಜ್ಜಿನ ವಿರುದ್ಧದ ಹೋರಾಟವು ದಪ್ಪಗಿರುವವರ ವಿರುದ್ಧದ ಹೋರಾಟವಾಗಬಾರದು ಎಂಬ ಎಚ್ಚರ ಎಲ್ಲಿಯೂ ಕಾಣುತ್ತಿಲ್ಲ.

ಜಾತಿ, ಬಣ್ಣಗಳ ಹೆಸರಿನಲ್ಲಿ ಹೀಯಾಳಿಸುವುದು ತಪ್ಪೆಂದು ಒಪ್ಪುವ ಸುಶಿಕ್ಷಿತರೂ ‘ಡುಮ್ಮಿ’, ‘ದಢೂತಿ’ ಎನ್ನಲು ಹಿಂಜರಿಯುವುದಿಲ್ಲ. ಮೂವರ ಆಸನದಲ್ಲಿ ನಾಲ್ವರು ಕೂರುವುದು ಲೋಕಲ್ ರೈಲಿನ ಅಲಿಖಿತ ನಿಯಮ. ಅಲ್ಲಿ ದಪ್ಪಗಿರುವ ಮಹಿಳೆ ಕುಳಿತರೂ ತಪ್ಪು, ನಿಂತರೂ ತಪ್ಪು. 1947ರ ‘ದರ್ದ್’ ಚಿತ್ರದ ಹಾಡುಗಳಿಂದ ಮನೆಮಾತಾದ ಗಾಯಕಿ ಉಮಾದೇವಿ ಮುಂದೆ ಟುನ್ ಟುನ್ ಎಂಬ ಹೆಸರಿನಲ್ಲಿ ಹಾಸ್ಯನಟಿಯಾದರು. ಅವರ ಕಂಠವನ್ನು ಜನ ಮರೆತರು. ಆ ಹೆಸರು ಮಾತ್ರ ದಪ್ಪಗಿರುವ ಹೆಣ್ಣುಮಕ್ಕಳನ್ನು ಚುಡಾಯಿಸುವ ಮಾತಾಗಿ ಉಳಿಯಿತು.

ಉದ್ಯೋಗದ ವಿಷಯದಲ್ಲಿ ಇದು ಬರೀ ಚೇಷ್ಟೆಯಲ್ಲ, ಅನ್ನದ ಪ್ರಶ್ನೆ. 2009ರಲ್ಲಿ ಏರ್ ಇಂಡಿಯಾ ತೂಕ ಹೆಚ್ಚಿದ ಕಾರಣಕ್ಕೆ ಗಗನಸಖಿಯರನ್ನು ಕೆಲಸದಿಂದ ತೆಗೆದಿತ್ತು. 2015ರಲ್ಲಿ ಸುಮಾರು 125 ಸಿಬ್ಬಂದಿಯನ್ನು ವಿಮಾನದ ಕೆಲಸದಿಂದ ಕೆಳಗಿಳಿಸಲು ಮುಂದಾಗಿತ್ತು. ತುರ್ತು ಸಂದರ್ಭದಲ್ಲಿ ಚುರುಕಾಗಿ ಓಡಾಡುವ ಶಕ್ತಿ ಬೇಕೆಂಬುದು ನ್ಯಾಯವಾದ ಮಾತೇ. ಆದರೆ 2014ರ ವಿಮಾನಯಾನ ನಿಯಮದಲ್ಲಿ ದೇಹ ತೂಕ ಸೂಚ್ಯಂಕ ಪುರುಷರಿಗೆ 25ರ ವರೆಗೆ, ಮಹಿಳೆಯರಿಗೆ 22ರ ವರೆಗೆ ಮಾತ್ರ ಸರಿ ಎಂದಿತ್ತು. ಭಾರತೀಯ ವೈದ್ಯರು 2009ರಲ್ಲಿ ಒಪ್ಪಿದ ಮಿತಿ 23. ಅದರಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ಹಾಗಾದರೆ ಅಲ್ಲಿ ಅಳೆದದ್ದು ಸಾಮರ್ಥ್ಯವನ್ನೋ, ಅಂದಚಂದವನ್ನೋ?

ದವಾಖಾನೆಯಲ್ಲಂತೂ ಇದು ಪ್ರಾಣಕ್ಕೇ ಎರವಾಗಬಹುದು. ಮೊಣಕಾಲು ನೋವೆಂದರೂ, ಉಸಿರು ಕಟ್ಟುತ್ತದೆ ಎಂದರೂ ‘ಮೊದಲು ತೂಕ ಇಳಿಸಿಕೊಂಡು ಬನ್ನಿ’ ಎಂಬ ಒಂದೇ ಉತ್ತರ ಸಿಕ್ಕಿದರೆ ರೋಗಿ ಮತ್ತೆ ಆ ಬಾಗಿಲು ತುಳಿಯುವುದಿಲ್ಲ. ಕಾಯಿಲೆ ಒಳಗೊಳಗೇ ಬಲಿಯುತ್ತದೆ. ರಕ್ತದೊತ್ತಡ ಅಳೆಯಲು ತೋಳಿಗೆ ಸುತ್ತುವ ಪಟ್ಟಿಯನ್ನೇ ನೋಡಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಒತ್ತಡ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ತಪ್ಪು ಪಟ್ಟಿಯದ್ದು, ಬೈಗುಳ ರೋಗಿಗೆ!

ತೂಕ ಹೆಚ್ಚಲು ಬಾಯಿಚಪಲ, ಸೋಮಾರಿತನಗಳೇ ಕಾರಣವೆಂಬ ನಂಬಿಕೆ ಬಲವಾಗಿದೆ. ವಂಶವಾಹಿ, ಥೈರಾಯ್ಡ್, ಪಿಸಿಓಡಿ, ಸ್ಟೀರಾಯ್ಡ್ ಔಷಧಿ, ನಿದ್ದೆಗೇಡು ಇವುಗಳ ಪಾಲೂ ಇದೆ. ಗಿರಾಕಿಗಳೆಲ್ಲ ಉಂಡೆದ್ದ ಮೇಲೆ ನಡುರಾತ್ರಿ ಉಣ್ಣುವ ಹೊಟೇಲ್ ಕಾರ್ಮಿಕನನ್ನು ಸೋಮಾರಿ ಎನ್ನಲಾದೀತೇ? ಸೂಚ್ಯಂಕವೂ ಎತ್ತರ ಮತ್ತು ತೂಕಗಳ ಲೆಕ್ಕ ಮಾತ್ರ. ಅದೊಂದನ್ನೇ ನಂಬದೆ ಸೊಂಟದ ಸುತ್ತಳತೆ, ಅಂಗಾಂಗಗಳ ಸ್ಥಿತಿಯನ್ನೂ ನೋಡಬೇಕೆಂದು 2025ರ ಜನವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞರ ಆಯೋಗ ಹೇಳಿದೆ.

ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ತಾರತಮ್ಯವನ್ನು ನಿಷೇಧಿಸುತ್ತದೆ. ಅದರಲ್ಲಿ ತೂಕದ ಮಾತಿಲ್ಲ. ಅಮೆರಿಕದ ಮಿಶಿಗನ್ ರಾಜ್ಯ 1976ರಲ್ಲೇ ಇದಕ್ಕೆ ಕಾಯಿದೆ ಮಾಡಿತು. ನ್ಯೂಯಾರ್ಕ್ ನಗರ 2023ರಲ್ಲಿ ಮಾಡಿತು. ಇಲ್ಲಿ ಅಂತಹ ಕಾಯಿದೆ ಬರುವ ತನಕ ಸಂಘಸಂಸ್ಥೆಗಳು ಕೈಕಟ್ಟಿ ಕೂರಬೇಕಾಗಿಲ್ಲ.

ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ತೂಕದ ಯಂತ್ರವನ್ನು ಪರದೆಯ ಹಿಂದೆ ಇಡಬಹುದು. ಅಂಕಿಯನ್ನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಕೂಗದೆ ಚೀಟಿಯಲ್ಲಿ ಬರೆದು ಕೊಡಬಹುದು. ರಕ್ತದೊತ್ತಡದ ದೊಡ್ಡ ಪಟ್ಟಿಯನ್ನೂ ತರಿಸಬಹುದು. ಸಭಾಂಗಣದಲ್ಲಿ ಕೈಯಿಲ್ಲದ ಗಟ್ಟಿ ಕುರ್ಚಿ ನಾಲ್ಕಾರು ಇರಲಿ. ವಧು-ವರರ ಸಮಾವೇಶದ ಅರ್ಜಿಯಲ್ಲಿ ತೂಕದ ಕಾಲಂ ಬೇಕೇ ಎಂದು ಪದಾಧಿಕಾರಿಗಳು ಒಮ್ಮೆ ಯೋಚಿಸಲಿ. ವಾರ್ಷಿಕೋತ್ಸವದ ನಾಟಕದಲ್ಲಿ ದಪ್ಪಗಿರುವ ಕಲಾವಿದೆಗೆ ನಗಿಸುವ ಪಾತ್ರವಲ್ಲದೆ ನಾಯಕಿಯ ಪಾತ್ರವೂ ಸಿಗಲಿ. ಇವುಗಳಿಗೆ ದೊಡ್ಡ ದೇಣಿಗೆ ಬೇಡ, ಒಂದು ಕಾರ್ಯಕಾರಿ ಸಮಿತಿ ಸಭೆಯ ಠರಾವು ಸಾಕು.

ತೂಕ ಇಳಿಸಿಕೊಳ್ಳುವುದು ಆಯಾ ವ್ಯಕ್ತಿ ಮತ್ತು ವೈದ್ಯರಿಗೆ ಬಿಟ್ಟ ವಿಷಯ. ಅದು ಇಳಿಯುವ ತನಕ ಮರ್ಯಾದೆಯನ್ನು ತಡೆಹಿಡಿಯುವ ಅಧಿಕಾರ ಯಾರಿಗೂ ಇಲ್ಲ.