ನಸುಕಿನ ಹೊಗೆ: ಎಂಜಿನ್ ಬಿಚ್ಚುವ ಮೊದಲು

ಚಳಿಗಾಲದ ನಸುಕಿನಲ್ಲಿ ತೊರವಿಯ ಹಳೆಯ ಲಾರಿಯೊಂದು ಹೊಗೆ ಉಗುಳಿದರೆ, ‘ಪಂಪ್ ಕೆಟ್ಟಿದೆ, ಎಂಜಿನ್ ಬಿಚ್ಚಬೇಕು’ ಎಂಬ ತೀರ್ಮಾನ ಅವಸರದ್ದು. ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಹಂಗಾಮಿನಲ್ಲಿ ಲಾರಿ ನಾಲ್ಕು ದಿನ ನಿಂತರೆ ಬಾಡಿಗೆಯೂ ಹೋಯಿತು, ಗಿರಾಕಿಯೂ ಹೋದ. ಖರ್ಚಿಗೆ ಮೊದಲು ಪರೀಕ್ಷೆ ನಡೆಯಬೇಕು.

ಡೀಸೆಲ್ ಎಂಜಿನ್‌ನಲ್ಲಿ ಕಿಡಿಯಿಲ್ಲ. ಒತ್ತಿದ ಗಾಳಿಯ ಕಾವೇ ಇಂಧನವನ್ನು ಉರಿಸುತ್ತದೆ. ಕಾವು ಸಾಲದಿದ್ದರೆ ಉರಿಯದ ಡೀಸೆಲ್ ಘಾಟುವಾಸನೆಯ ಬಿಳಿ ಹೊಗೆಯಾಗಿ ಹೊರಬೀಳುತ್ತದೆ. ಅದು ಬೇಗ ತಿಳಿಯಾದರೆ ಆತಂಕ ಬೇಡ. ತಿಳಿಯಾಗದಿದ್ದರೆ ಮೊದಲು ಬ್ಯಾಟರಿ, ಇದ್ದರೆ ಹೀಟರ್ ಪ್ಲಗ್, ಅನಂತರ ನಾಝಲ್ ಮತ್ತು ಟೈಮಿಂಗ್, ಕೊನೆಗೆ ಕಂಪ್ರೆಶನ್ ನೋಡುವುದು ಮಿತವ್ಯಯದ ಕ್ರಮ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಶಂಕಿಸಬೇಕು. ನೀಲಿ ಹೊಗೆ ಆಯಿಲ್ ಉರಿಯುವ ಗುರುತು. ಕಪ್ಪು ಹೊಗೆ ಗಾಳಿಯ ಕೊರತೆಯದು ಇಲ್ಲವೆ ಅಧಿಕ ಇಂಧನದ್ದು.

ಹೊಗೆ ತಪಾಸಣೆಯ ಪ್ರಮಾಣಪತ್ರ ಇದೆಯೆಂಬ ಸಮಾಧಾನ ಸಾಲದು. ಆ ತಪಾಸಣೆ ನಡೆಯುವುದು ಬಿಸಿಯಾದ ಎಂಜಿನ್ ಮೇಲೆ. ಈ ದೋಷ ಕಾಣುವುದು ತಣ್ಣಗಿರುವಾಗ. ಆದುದರಿಂದ ಲಾರಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಬಿಟ್ಟು, ಮರುದಿನದ ಮೊದಲ ಸ್ಟಾರ್ಟ್ ಮೆಕ್ಯಾನಿಕ್‌ನ ಕಣ್ಣೆದುರಿಗೇ ಆಗುವಂತೆ ಮಾಲೀಕರು ನೋಡಿಕೊಳ್ಳುವುದು ಲೇಸು. ಒಂದು ರಾತ್ರಿಯ ತಾಳ್ಮೆ ಅನಗತ್ಯ ಓವರ್‌ಹಾಲ್ ಒಂದನ್ನು ತಪ್ಪಿಸಬಲ್ಲದು.