ಹಳೆಯ ಮನೆ, ನೇರ ವ್ಯವಹಾರ



ಈಚೆಗೆ ಸಂಘದ ಇಬ್ಬರು ತರುಣರು ಮನೆಗೆ ಬಂದಿದ್ದರು. ಇಬ್ಬರೂ ದಿಲ್ಲಿಯಲ್ಲೇ ಹುಟ್ಟಿ ಬೆಳೆದವರು; ಒಬ್ಬ ಸಿವಿಲ್ ಇಂಜಿನಿಯರ್. ಮಯೂರ್ ವಿಹಾರ್ ಒಂದನೇ ಫೇಸಿನಲ್ಲಿ ನಮ್ಮವರೇ ಆದ ವೃದ್ಧ ದಂಪತಿಗಳ ಡಿ.ಡಿ.ಎ. ಫ್ಲ್ಯಾಟ್ ಇದೆ. ಗೋಡೆಗೆ ತೇವ ಹಿಡಿದು ಗಾರೆ ಉದುರುತ್ತಿದೆ, ಪೈಪುಗಳೆಲ್ಲ ತುಕ್ಕು. ಅದನ್ನು ಮಾರಿ ಮೈಸೂರು ಸೇರುವ ಆಸೆ ಅವರಿಗೆ, ರಿಪೇರಿಗೆ ಹಣವಿಲ್ಲ. ಕೊಂಡುಕೊಳ್ಳುವಷ್ಟು ಹಣ ಈ ಹುಡುಗರಲ್ಲೂ ಇಲ್ಲ.

“ಅಂಕಲ್, ಸ್ವಲ್ಪ ಬಯಾನಾ ಕೊಟ್ಟು ಪವರ್ ಆಫ್ ಅಟಾರ್ನಿ ಬರೆಸಿಕೊಳ್ತೀವಿ. ರಿಪೇರಿ ಮಾಡಿಸಿ ಮಾರ್ತೀವಿ. ಎಷ್ಟಕ್ಕೆ ಮಾರಿದ್ವಿ ಅಂತ ಅವರಿಗೆ ಹೇಳಲೇಬೇಕಾ?” ಎಂದರು.

ಹೇಳಲೇಬೇಕು ಎಂದೆ. ಹಿಂದೆ ಲೀಸಿನ ನಿರ್ಬಂಧ ತಪ್ಪಿಸಲು ದಿಲ್ಲಿಯಲ್ಲಿ ಎಷ್ಟೋ ಫ್ಲ್ಯಾಟುಗಳು ಪವರ್ ಆಫ್ ಅಟಾರ್ನಿಯ ಮೇಲೆಯೇ ಕೈ ಬದಲಾಯಿಸಿದ್ದುಂಟು. ಆದರೆ ಇಂಥ ಪತ್ರದಿಂದ ಒಡೆತನ ಬರುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ದಾರಿ ಯಾವುದು? ಮನೆ ಯಜಮಾನರ ಹೆಸರಿನಲ್ಲೇ ಇರಲಿ. ರಿಪೇರಿಯ ಖರ್ಚು, ಶ್ರಮ ನಿಮ್ಮದು. ಕೊನೆಗೆ ಕೊಳ್ಳುವವರಿಗೆ ಯಜಮಾನರೇ ಕ್ರಯಪತ್ರ ಮಾಡಿಕೊಡಲಿ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಈಗಿನ ಸ್ಥಿತಿಯಲ್ಲಿ ಬೆಲೆ 90 ಲಕ್ಷ, ರಿಪೇರಿ 8 ಲಕ್ಷ, ಮಾರಾಟ 1 ಕೋಟಿ 10 ಲಕ್ಷ. ಮೊದಲು ಯಜಮಾನರಿಗೆ 90, ಆಮೇಲೆ ನಿಮ್ಮ ಖರ್ಚು 8. ಉಳಿದ 12 ಲಕ್ಷ ಅರ್ಧರ್ಧ. 95ಕ್ಕೇ ಹೋದರೆ 3 ಲಕ್ಷದ ನಷ್ಟ ನಿಮ್ಮದು. ಇದನ್ನೂ, ಕೆಲಸ ಮುಗಿಸುವ ಗಡುವನ್ನೂ ಕರಾರಿನಲ್ಲಿ ಬರೆಯಿರಿ. ಬರೆಸುವುದಕ್ಕೆ ವಕೀಲರಿರಲಿ.

ಸುತ್ತಿಗೆ ಹಿಡಿಯುವ ಮೊದಲು ಕಾಗದಗಳನ್ನು ನೋಡಿ. ಫ್ಲ್ಯಾಟ್ ಫ್ರೀಹೋಲ್ಡ್ ಆಗಿದೆಯೇ? ಸಾಲ, ತೆರಿಗೆ ಬಾಕಿ ಇದೆಯೇ? ಭಾರ ಹೊರುವ ಗೋಡೆಯನ್ನು ಒಡೆದು ಹಾಲ್ ದೊಡ್ಡದು ಮಾಡುವ ಆಸೆ ಬೇಡ. ಮೇಲಿನ ಮನೆಯವರೂ ಅದೇ ಗೋಡೆಯನ್ನು ನಂಬಿದ್ದಾರೆ. ಹಣವೆಲ್ಲ ಬ್ಯಾಂಕಿನ ಮೂಲಕವೇ ನಡೆಯಲಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು 2015ರಲ್ಲೇ ನಿಷೇಧಿಸಲಾಗಿದೆ. ಬಂದ ಲಾಭಕ್ಕೆ ತೆರಿಗೆ ಎಷ್ಟೆಂದು ಲೆಕ್ಕಿಗರನ್ನು ಮೊದಲೇ ಕೇಳಿ.

ಹುಡುಗರ ಮುಖ ಸ್ವಲ್ಪ ಬಾಡಿತು. ಆದರೂ ಮುಂದಿನ ಭಾನುವಾರ ಕರಡು ಹಿಡಿದು ಆ ಮನೆಗೆ ಹೋದರು, ನನ್ನನ್ನೂ ಕರೆದರು. ಕಾಗದ ಇಂಗ್ಲಿಷಿನಲ್ಲಿತ್ತು. ಇಂಜಿನಿಯರ್ ಹುಡುಗ ತನ್ನ ತೊದಲು ಕನ್ನಡದಲ್ಲಿ ಒಂದೊಂದೇ ಸಾಲಿನ ಅರ್ಥ ಹೇಳಿದ. ಅಜ್ಜಿ ಎಲ್ಲ ಕೇಳಿ, “ಬೆಲೆ ಇಳಿದರೆ ನಿಮ್ಮ ಗತಿಯೇನಪ್ಪಾ?” ಎಂದರು. ತಮ್ಮ ಪಾಲಿನ ಯೋಚನೆಗಿಂತ ಮೊದಲು ಅವರು ಕೇಳಿದ್ದು ಅದನ್ನು. ಲಾಭದ ಮಾತು ಮುಚ್ಚಿಡಬೇಕೆಂದಿದ್ದ ಹುಡುಗ ತಲೆ ತಗ್ಗಿಸಿದ.

ನೀವೂ ಇಂಥ ವ್ಯವಹಾರಕ್ಕೆ ಕೈ ಹಾಕಿದರೆ, ಮನೆಯವರ ಎದುರು ಕುಳಿತು ಅವರ ಭಾಷೆಯಲ್ಲಿ ಓದಿ ಹೇಳಬಲ್ಲ ಕರಾರನ್ನಷ್ಟೇ ಬರೆಸಿ.